ಬ್ಯಾಲಾಳಿನ ಬಾಣಲೆ, ಕನಕಪುರದ ರಾಗಿ ಹೊಲ

ಇಯರ್‌ಫೋನ್ ಹಾಕ್ಕೊಂಡು ಮೈಸೂರು ರಸ್ತೆ ಬಸ್ಸಲ್ಲಿ ಕೂತಿರೋರು ಯಾರಾದ್ರೂ ಇದ್ರೆ, ಬಿಡದಿ ಹತ್ರ ಬಂದಾಗ ಒಂದು ಸಲ ಬೆಂಗಳೂರಿಗೆ ಹೋಗೋ ದಿಕ್ಕಿನ ಎಡಗಡೆ, ಅಂದ್ರೆ ಮಾಗಡಿ ರಸ್ತೆ ಕಡೆ ಮುಖ ತಿರುಗಿಸಿ. ರಸ್ತೆಯಿಂದ ಏನೂ ಕಾಣಲ್ಲ. ಕಾಣಬಾರದು ಅಂತಲೇ ಆ ಜಾಗ ಹುಡುಕಿದ್ದು. ಒಳಗೆ ಬ್ಯಾಲಾಳು ಅಂತ ಒಂದು ಹಳ್ಳಿ ಇದೆ. ಬೆಂಗಳೂರಿಂದ ಸುಮಾರು 40 ಕಿಲೋಮೀಟರ್. ಸುತ್ತ ದಿಣ್ಣೆ, ನಡುವೆ ತಟ್ಟೆ ಥರ ತಗ್ಗು. ಆ ತಗ್ಗಲ್ಲಿ 32 ಮೀಟರ್ ಅಗಲದ ಒಂದು ಆಂಟೆನಾ, ಪಕ್ಕದಲ್ಲಿ 18 ಮೀಟರ್‌ದು ಇನ್ನೊಂದು.

ನನ್ನ ಸೋದರಮಾವ ಕನಕಪುರದ ಕಡೆಯವರು, ರಾಗಿ ಬೆಳೀತಾರೆ. ಒಂದ್ಸಲ ಬೈಕಲ್ಲಿ ಆ ಕಡೆ ಕರ್ಕೊಂಡು ಹೋಗಿದ್ದೆ. ದೂರದಿಂದ ನೋಡಿ, "ಏನ್ಲಾ ಇದು, ಇಷ್ಟು ದೊಡ್ಡ ಬಾಣಲೆ!" ಅಂದ್ರು. ಚಂದ್ರಯಾನದ ಮಾತು ಕೇಳೋ ಕಿವಿ ಮಾವ ಇದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: "ಮ್ಯಾಲಿಂದ ಏನಾದ್ರೂ ನನ್ನ ಹೊಲಕ್ಕೆ ಬಿದ್ರೆ ದುಡ್ಡು ಯಾರು ಕೊಡ್ತಾರೆ?"

ನಾನು ಬಿ.ಕಾಂ. ಓದಿದವನು, ರಾಕೆಟ್ ಸೈನ್ಸ್ ನನಗೆ ಬರಲ್ಲ. ಆದ್ರೆ ದುಡ್ಡು ಯಾರು ಕೊಡ್ತಾರೆ ಅನ್ನೋದು ನನ್ನ ಸಬ್ಜೆಕ್ಟೇ. ಹುಡುಕೋಕೆ ಶುರು ಮಾಡಿದೆ. ಈ ಎಪಿಸೋಡ್ ಹುಟ್ಟಿದ್ದು ಹಾಗೆ.

ಮೊದಲು ಆ ಬಾಣಲೆಯ ಹೆಸರನ್ನೇ ನೋಡಿ. ಇಂಡಿಯನ್ ಡೀಪ್ ಸ್ಪೇಸ್ ನೆಟ್‌ವರ್ಕ್. ನಡೆಸೋದು ಪೀಣ್ಯದಲ್ಲಿರೋ ಇಸ್ರೋದ ಇಸ್ಟ್ರಾಕ್. ಉದ್ಘಾಟನೆ ಆಗಿದ್ದು 2008ರ ಅಕ್ಟೋಬರ್ 17. ಐದೇ ದಿನ ಕಳೆದು, 22ನೇ ತಾರೀಕು, ಚಂದ್ರಯಾನ-1 ಹಾರಿತು. ಡೀಪ್ ಸ್ಪೇಸ್ ಅಂದ್ರೆ ದೂರದ ಆಕಾಶ. ಆ 'ದೂರ' ಎಲ್ಲಿಂದ ಶುರು ಅಂತ ನಿರ್ಧಾರ ಮಾಡೋರು ಯಾರು ಗೊತ್ತಾ? ಇಸ್ರೋ ಅಲ್ಲ, ನಾಸಾನೂ ಅಲ್ಲ. ಜಿನೀವಾದಲ್ಲಿರೋ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದ್ರೆ ಐಟಿಯು. 1865ರಲ್ಲಿ ಟೆಲಿಗ್ರಾಫ್ ತಂತಿಗೋಸ್ಕರ ಹುಟ್ಟಿದ ಸಂಸ್ಥೆ. ಈಗ ಯಾವ ಉಪಗ್ರಹ ಯಾವ ತರಂಗಾಂತರದಲ್ಲಿ ಮಾತಾಡಬೇಕು ಅಂತ ಲೆಕ್ಕ ಇಡೋದು ಅದೇ. ಅದರ ರೇಡಿಯೋ ನಿಯಮಾವಳಿ ಪ್ರಕಾರ ಭೂಮಿಯಿಂದ 20 ಲಕ್ಷ ಕಿಲೋಮೀಟರ್ ದಾಟಿದ ಮೇಲೇ ಡೀಪ್ ಸ್ಪೇಸ್.

ಈಗ ಕೂಡಿ ಕಳೆದು ನೋಡಿ. ಚಂದ್ರ ಇರೋದು ಸುಮಾರು 3.84 ಲಕ್ಷ ಕಿಲೋಮೀಟರ್ ದೂರ. ಆದಿತ್ಯ-ಎಲ್1 ನಿಂತಿರೋದು ಸುಮಾರು 15 ಲಕ್ಷ. ಎರಡೂ ಡೀಪ್ ಸ್ಪೇಸ್ ಅಲ್ಲ! ಮೂರು ಚಂದ್ರಯಾನವೂ ಕಾನೂನಿನ ಕಣ್ಣಲ್ಲಿ ಪಕ್ಕದ ಬೀದಿ. ನಿಯಮದ ಪ್ರಕಾರ ಗಡಿ ದಾಟಿದ್ದು 2013ರ ನವೆಂಬರ್ 5ಕ್ಕೆ ಹೊರಟ ಮಂಗಳಯಾನ. ಅದು ಮಂಗಳ ಸೇರಿದ ದಿನ ಸಿಗ್ನಲ್ ನಮ್ಮನ್ನ ಮುಟ್ಟೋಕೆ ಸುಮಾರು 12 ನಿಮಿಷ ಹಿಡೀತಿತ್ತು.

ಇದು ಬರೀ ಹೆಸರಿನ ಜಗಳ ಅಲ್ಲ. ಎಕ್ಸ್ ಬ್ಯಾಂಡಲ್ಲಿ 8400ರಿಂದ 8450 ಮೆಗಾಹರ್ಟ್ಸ್ ಡೀಪ್ ಸ್ಪೇಸ್‌ನಿಂದ ಬರೋ ಸಿಗ್ನಲ್‌ಗೆ ಮೀಸಲು. ಅದರ ಪಕ್ಕದ 8450ರಿಂದ 8500, ಹತ್ತಿರದ ನೌಕೆಗಳಿಗೆ. ಮಂಗಳದಿಂದ ಬರೋ ಸದ್ದು ಎಷ್ಟು ಕ್ಷೀಣ ಅಂದ್ರೆ, ಅದೇ ಚಾನೆಲ್‌ನಲ್ಲಿ ಚಂದ್ರನ ನೌಕೆಯೊಂದು ಮಾತಾಡಿದ್ರೆ ಮುಗೀತು, ಜಾತ್ರೆಯಲ್ಲಿ ಪಿಸುಮಾತು ಕೇಳಿದ ಹಾಗೆ. ಅದಕ್ಕೇ ಗಡಿ. ನಮ್ಮ ದೇಶದ ಒಳಗೆ ಈ ಕೆಲಸ ಮಾಡೋದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ಅನ್ನೋ ವಿಭಾಗ, 1952ರದ್ದು. ದಿಣ್ಣೆಗಳು ಅಡ್ಡ ನಿಂತು ಊರ ರೇಡಿಯೋ ಗದ್ದಲ ತಡೀತವೆ. ದಿಣ್ಣೆ ತಡೆಯೋಕಾಗದ್ದನ್ನ ಕಾಗದ ತಡೀಬೇಕು. ಬಿಡದಿ ಬೆಳೀತಿರೋ ವೇಗ ನೋಡಿದವರಿಗೆ ಆ ಕಾಗದದ ಬೆಲೆ ಅರ್ಥ ಆಗುತ್ತೆ.

ಸರಿ, ಸ್ವಲ್ಪ ಹಿಂದಕ್ಕೆ ಹೋಗೋಣ. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಆಕಾಶಕ್ಕೆ ಕಾನೂನೇ ಇರಲಿಲ್ಲ. ಮರುವರ್ಷ ವಿಶ್ವಸಂಸ್ಥೆ 18 ದೇಶಗಳ ತಾತ್ಕಾಲಿಕ ಸಮಿತಿ ಮಾಡಿತು, 1959ರಲ್ಲಿ ಅದು ಕಾಯಂ ಆಯ್ತು. ಹೆಸರು ಕೊಪೂಸ್, ಬಾಹ್ಯಾಕಾಶದ ಶಾಂತಿಯುತ ಬಳಕೆಯ ಸಮಿತಿ. ಮೊದಲ 18ರಲ್ಲೇ ಭಾರತ ಇತ್ತು. ಆಗ ನಮ್ಮ ಹತ್ರ ಒಂದು ರಾಕೆಟ್ ಇರಲಿ, ಇಸ್ರೋ ಅನ್ನೋ ಹೆಸರೂ ಇರಲಿಲ್ಲ. ಗಾಡಿ ತಗೊಳ್ಳೋಕೆ ಮುಂಚೆ ಟ್ರಾಫಿಕ್ ರೂಲ್ಸ್ ಬರೆಯೋ ಸಭೆಯಲ್ಲಿ ಕೂತ ಹಾಗೆ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದೇ.

1967ರಲ್ಲಿ ಬಾಹ್ಯಾಕಾಶ ಒಪ್ಪಂದ ಬಂತು. ಚಂದ್ರ ಯಾರಪ್ಪನ ಸ್ವತ್ತೂ ಅಲ್ಲ ಅನ್ನೋದು ಎರಡನೇ ವಿಧಿ. ಹಾಗಾಗಿ 2008ರ ನವೆಂಬರ್ 14ಕ್ಕೆ ನಮ್ಮ ತ್ರಿವರ್ಣ ಹೊತ್ತ ಪೆಟ್ಟಿಗೆ ಚಂದ್ರನ ಮೇಲೆ ಬಿದ್ದರೂ ಒಂದು ಗುಂಟೆ ಜಾಗವೂ ನಮ್ಮ ಖಾತೆಗೆ ಬರಲಿಲ್ಲ. ಆರನೇ ವಿಧಿ ಇನ್ನೂ ಮುಖ್ಯ: ಖಾಸಗಿಯವರು ಏನೇ ಹಾರಿಸಲಿ, ಅನುಮತಿ ಕೊಡೋದು, ಮೇಲ್ವಿಚಾರಣೆ ಮಾಡ್ತಾ ಇರೋದು ಆ ದೇಶದ ಸರ್ಕಾರದ ಹೊಣೆ. ಭಾರತ ಸಹಿ ಮಾಡಿದ್ದು 1967ರ ಮಾರ್ಚ್ 3ಕ್ಕೆ, ಅನುಮೋದಿಸಿದ್ದು ಮಾತ್ರ 1982ರಲ್ಲಿ. ಹದಿನೈದು ವರ್ಷ.

ಈ ನಡುವೆ 1972ರಲ್ಲಿ ಬಾಹ್ಯಾಕಾಶ ಆಯೋಗ, ಬಾಹ್ಯಾಕಾಶ ಇಲಾಖೆ ಆಯ್ತು. ಸತೀಶ್ ಧವನ್ ಮುಖ್ಯಸ್ಥರಾದ್ರು, ಕಚೇರಿ ಬೆಂಗಳೂರಲ್ಲಿ. ದೆಹಲಿ ಬಿಟ್ಟು ಇಲ್ಲಿ ಕೂತ ಕೇಂದ್ರ ಇಲಾಖೆ ಅದು. ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ತಂಡ ಆರ್ಯಭಟ ಕಟ್ಟಿತು, 1975ರ ಏಪ್ರಿಲ್ 19ಕ್ಕೆ ಸೋವಿಯತ್ ರಾಕೆಟ್ ಅದನ್ನ ಹೊತ್ತೊಯ್ತು. ಉಡುಪಿ ಹತ್ರದ ಅದಮಾರಿನ ಅದೇ ರಾವ್ 1997ರಿಂದ 2000ದವರೆಗೆ ಕೊಪೂಸ್‌ಗೆ ಅಧ್ಯಕ್ಷರು. 1999ರಲ್ಲಿ ವಿಯೆನ್ನಾದಲ್ಲಿ ನಡೆದ ಮೂರನೇ ಯುನಿಸ್ಪೇಸ್ ಸಮ್ಮೇಳನದ ಅಧ್ಯಕ್ಷತೆಯೂ ಅವರದ್ದೇ. ಶಾಲೆ ಪುಸ್ತಕದಲ್ಲಿ ಆರ್ಯಭಟ ಓದಿದ್ದೆ, ಇದನ್ನ ಓದಿರಲಿಲ್ಲ.

ಈಗ ನನ್ನ ಸಬ್ಜೆಕ್ಟ್‌ಗೆ ಬರ್ತೀನಿ. ಕಾಮರ್ಸ್‌ನಲ್ಲಿ ಮೊದಲ ವರ್ಷವೇ ಹೇಳಿಕೊಡ್ತಾರೆ: ಕ್ಯಾಷಿಯರ್ ಕೈಯಲ್ಲೇ ಲೆಡ್ಜರ್ ಕೊಡಬೇಡಿ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನೆನಪು ಮಾಡ್ಕೊಳ್ಳಿ. 1959ರ ಕಾಯ್ದೆ ಪ್ರಕಾರ ಗೂಡು ಸರ್ಕಾರಿ ಮಾರುಕಟ್ಟೇಲೇ ಹರಾಜಾಗಬೇಕು. ಹರಾಜು ನಡೆಸೋ ಅಧಿಕಾರಿಯೇ ರೀಲರ್ ಆಗಿ ಬಿಡ್ ಕೂಗಿದ್ರೆ ಮಾಗಡಿಯಿಂದ ಗೂಡು ತಂದ ರೈತ ಸುಮ್ಮನಿರ್ತಾನಾ? ಆಕಾಶದಲ್ಲಿ ನಮ್ಮದು ದಶಕಗಳ ಕಾಲ ಹಾಗೇ ಇತ್ತು. ಇಸ್ರೋ ಅಧ್ಯಕ್ಷ, ಇಲಾಖೆ ಕಾರ್ಯದರ್ಶಿ, ಆಯೋಗದ ಅಧ್ಯಕ್ಷ, ಮೂರು ಕುರ್ಚಿಯಲ್ಲೂ ಒಬ್ಬರೇ. ಮಾರಾಟಕ್ಕೆ 1992ರಿಂದ ಆಂಟ್ರಿಕ್ಸ್ ಅನ್ನೋ ಕಂಪನಿ, ಅದೂ ಇಲಾಖೆಯದ್ದೇ.

ಇದರ ಬೆಲೆ ಗೊತ್ತಾಗಿದ್ದು ದೇವಾಸ್ ಪ್ರಕರಣದಲ್ಲಿ. 2005ರ ಜನವರಿಯಲ್ಲಿ ಆಂಟ್ರಿಕ್ಸ್, ಬೆಂಗಳೂರಿನ ದೇವಾಸ್ ಕಂಪನಿಗೆ ಎರಡು ಉಪಗ್ರಹಗಳ ಎಸ್ ಬ್ಯಾಂಡ್ ಸಾಮರ್ಥ್ಯ ಕೊಡೋಕೆ ಒಪ್ಪಂದ ಮಾಡ್ತು. 2011ರ ಫೆಬ್ರವರಿಯಲ್ಲಿ ಸರ್ಕಾರ ರದ್ದು ಮಾಡ್ತು. ಕೇಸು ವಿದೇಶದ ಪಂಚಾಯ್ತಿಕೆಗೆ ಹೋಗಿ, 2015ರಲ್ಲಿ ಆಂಟ್ರಿಕ್ಸ್ 56 ಕೋಟಿ ಡಾಲರ್‌ಗೂ ಹೆಚ್ಚು ಕೊಡಬೇಕು ಅಂತ ತೀರ್ಪು ಬಂತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ವ್ಯವಹಾರದಲ್ಲೇ ವಂಚನೆ ಇತ್ತು ಅಂತ ಹೇಳಿ ದೇವಾಸ್ ಮುಚ್ಚೋ ಆದೇಶ ಎತ್ತಿ ಹಿಡೀತು. ಯಾರು ಸರಿ ಅಂತ ನಾನು ಹೇಳಲ್ಲ, ಕೋರ್ಟ್ ಹೇಳಿದೆ. ನನಗೆ ಕಾಣೋದು ಇಷ್ಟು: ಕಟ್ಟೋನು, ಮಾರೋನು, ಪರ್ಮಿಷನ್ ಕೊಡೋನು ಒಂದೇ ಮನೆಯವರಾದಾಗ ತಪ್ಪಾಗ್ತಿದೆ ಅಂತ ಹೇಳೋಕೆ ಹೊರಗಿನವರು ಇರಲ್ಲ.

2020ರ ಜೂನ್‌ನಲ್ಲಿ ಸರ್ಕಾರ ಇನ್-ಸ್ಪೇಸ್ ಘೋಷಣೆ ಮಾಡ್ತು. ಖಾಸಗಿ ಕಂಪನಿಗಳಿಗೆ ಅನುಮತಿ ಕೊಡೋಕೆ ಅಂತಲೇ ಬೇರೆ ಸಂಸ್ಥೆ, ಕಚೇರಿ ಅಹಮದಾಬಾದ್. (ಬೆಂಗಳೂರು ಯಾಕಲ್ಲ ಅಂತ ನಿಮಗೂ ಅನ್ನಿಸಿದ್ರೆ, ನನಗೂ ಅನ್ನಿಸಿತ್ತು. ಇಸ್ರೋದಿಂದ ದೂರ ಇರೋದೇ ಒಳ್ಳೇದು ಅಂತಲೂ ಅನ್ನಿಸ್ತು.) ಆದ್ರೆ ಅದೂ ಬಾಹ್ಯಾಕಾಶ ಇಲಾಖೆಯ ಕೆಳಗೇ ಇದೆ. 2022ರ ನವೆಂಬರ್ 18ಕ್ಕೆ ಹಾರಿದ ಸ್ಕೈರೂಟ್ ಕಂಪನಿಯ ವಿಕ್ರಮ್-ಎಸ್‌ಗೆ ಒಪ್ಪಿಗೆ ಕೊಟ್ಟಿದ್ದು ಇನ್-ಸ್ಪೇಸೇ. 2023ರಲ್ಲಿ ಬಾಹ್ಯಾಕಾಶ ನೀತಿ ಬಂತು, 2024ರಲ್ಲಿ ಅನುಮತಿಯ ಮಾರ್ಗಸೂಚಿ ಬಂತು.

ಈಗ ಮಾವನ ಪ್ರಶ್ನೆ. 1972ರ ಹೊಣೆಗಾರಿಕೆ ಒಪ್ಪಂದ ಅಂತ ಒಂದಿದೆ. ಯಾವುದೋ ದೇಶದ ಉಪಗ್ರಹದ ತುಂಡು ಕನಕಪುರದ ಹೊಲಕ್ಕೆ ಬಿದ್ದು ಬೆಳೆ ಹೋದ್ರೆ, ಯಾರ ತಪ್ಪು ಅಂತ ಸಾಬೀತು ಮಾಡೋ ಗೋಜೇ ಇಲ್ಲ, ಉಡಾಯಿಸಿದ ದೇಶ ಕಟ್ಟಿಕೊಡಬೇಕು. ಭಾರತ ಸರ್ಕಾರ ಒಂದು ವರ್ಷದ ಒಳಗೆ ಮಾವನ ಪರವಾಗಿ ಆ ದೇಶದ ಮುಂದೆ ಕ್ಲೇಮ್ ಇಡಬಹುದು. 1978ರಲ್ಲಿ ಸೋವಿಯತ್‌ನ ಕಾಸ್ಮೋಸ್ 954, ಅಣು ಇಂಧನ ಇದ್ದ ಉಪಗ್ರಹ, ಕೆನಡಾ ಮೇಲೆ ಚದುರಿ ಬಿತ್ತು. ಕೆನಡಾ ಸುಮಾರು 60 ಲಕ್ಷ ಡಾಲರ್ ಕೇಳಿ, ಕೊನೆಗೆ 1981ರಲ್ಲಿ 30 ಲಕ್ಷಕ್ಕೆ ಒಪ್ಪಿಕೊಳ್ತು. ನಮ್ಮದೂ ಬೀಳುತ್ತೆ ಕಣ್ರೀ. 2023ರ ಜುಲೈನಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ತೀರದ ಗ್ರೀನ್ ಹೆಡ್‌ನಲ್ಲಿ ಆಳೆತ್ತರದ ಒಂದು ಲೋಹದ ಡಬ್ಬ ಸಿಕ್ತು. ನಮ್ಮ ಪಿಎಸ್‌ಎಲ್‌ವಿಯ ಮೂರನೇ ಹಂತದ ತುಂಡು ಇರಬೇಕು ಅಂತ ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಹೇಳ್ತು. ಅದೃಷ್ಟ, ಯಾರಿಗೂ ಏನೂ ಆಗಿರಲಿಲ್ಲ.

ಇಲ್ಲಿವರೆಗೂ ಕೇಳಿ ಮಾವ ತಲೆ ಆಡಿಸಿದ್ರು. ಆಮೇಲಿನದ್ದು ಹೇಳೋಕೆ ನನಗೇ ಕಷ್ಟ ಆಯ್ತು. ಅದೇ ಒಪ್ಪಂದದ ಏಳನೇ ವಿಧಿ: ಉಡಾಯಿಸಿದ ದೇಶದ ಸ್ವಂತ ಪ್ರಜೆಗಳಿಗೆ ಈ ಒಪ್ಪಂದ ಅನ್ವಯ ಆಗಲ್ಲ. ಅಂದ್ರೆ ರಷ್ಯಾದ ತುಂಡು ಬಿದ್ರೆ ಮಾವನಿಗೆ ದಾರಿ ಇದೆ. ಭಾರತದ ಖಾಸಗಿ ಕಂಪನಿಯದ್ದೇ ಬಿದ್ರೆ, ಆ ದಾರಿ ಮುಚ್ಚಿದೆ. ಆಗ ನಮ್ಮದೇ ಕಾನೂನು ಬೇಕು. ಬಾಹ್ಯಾಕಾಶ ಚಟುವಟಿಕೆ ಮಸೂದೆಯ ಕರಡನ್ನ 2017ರಲ್ಲಿ ಜನರ ಅಭಿಪ್ರಾಯಕ್ಕೆ ಬಿಟ್ಟಿದ್ರು. ಅದರಲ್ಲೂ ಲೈಸೆನ್ಸ್ ಪಡೆದವರು ಸರ್ಕಾರದ ಮೇಲೆ ಬರೋ ಕ್ಲೇಮ್ ತುಂಬಿಕೊಡಬೇಕು ಅಂತಿತ್ತು. ಆ ಕರಡು ಕಾಯ್ದೆ ಆಗಲಿಲ್ಲ. ನೀತಿ ಇದೆ, ಮಾರ್ಗಸೂಚಿ ಇದೆ. ಸಂಸತ್ತು ಪಾಸ್ ಮಾಡಿದ ಬಾಹ್ಯಾಕಾಶ ಕಾಯ್ದೆ ಇಲ್ಲ. ರೇಷ್ಮೆ ಗೂಡಿಗೆ 1959ರಲ್ಲೇ ಕಾಯ್ದೆ ಮಾಡಿಕೊಂಡವರು ನಾವು.

ಮಾವ ಎಲ್ಲಾ ಕೇಳಿ ಇಷ್ಟೇ ಅಂದ್ರು: "ಹಂಗಾರೆ ಬಿದ್ದ ತುಂಡಿನ ಮ್ಯಾಲೆ ಯಾವ ದೇಶದ ಹೆಸರು ಬರೆದೈತೆ ಅಂತ ಮೊದ್ಲು ನೋಡ್ಬೇಕು ಅನ್ನು." ಹೌದು ಮಾವ, ಅಂದೆ. ಬೈಕ್ ತಿರುಗಿಸಿ ಬಿಡದಿಗೆ ಬಂದು ತಟ್ಟೆ ಇಡ್ಲಿ ತಿಂದ್ವಿ.