ಇಲಿಯಲ್ಲಿ ಹೊಸ ವೈರಸ್ ಸಿಕ್ಕಿದೆ ಎಂದರೆ ಏನರ್ಥ?

ಬೈಕುಲ್ಲಾದ ಚಾಳಿನಲ್ಲೋ ಹಳೆಯ ಕಟ್ಟಡದಲ್ಲೋ ನಿಮ್ಮ ಮನೆಯಿದ್ದರೆ ಇಲಿಗಳ ಕಾಟ ಹೊಸದೇನಲ್ಲ. ‘ಇಲಿಗಳಲ್ಲಿ ಹೊಸ ವೈರಸ್ ಪತ್ತೆ’ ಎಂಬ ಸುದ್ದಿ ಓದಿ, ಮುಂಜಾಗ್ರತೆಗೆ ಮಾತ್ರೆ ಇದೆಯೇ ಎಂದು ಮೆಡಿಕಲ್ ಅಂಗಡಿಯಲ್ಲಿ ಕೇಳುವವರಿದ್ದಾರೆ. ಮಾತ್ರೆಗಿಂತ ಮೊದಲು ಆ ‘ಪತ್ತೆ’ ಏನೆಂದು ತಿಳಿಯಿರಿ.

ಸಂಶೋಧಕರು ಕಾಡು, ಹೊಲಗಳಲ್ಲಿ ಬೋನಿಟ್ಟು ಇಲಿ ಹಿಡಿಯುತ್ತಾರೆ. ಅದರ ರಕ್ತ, ಶ್ವಾಸಕೋಶ, ಹಿಕ್ಕೆಯಲ್ಲಿ ಸಿಕ್ಕ ವೈರಸ್‌ನ ಜೀನ್‌ಗಳನ್ನು ಈಗಾಗಲೇ ಗೊತ್ತಿರುವ ವೈರಸ್‌ಗಳ ಜೊತೆ ಹೋಲಿಸುತ್ತಾರೆ. ಯಾವುದಕ್ಕೂ ಸರಿಹೊಂದದಿದ್ದರೆ ಅದು ಹೊಸದು. ಅಷ್ಟೇ. ಅದು ಮನುಷ್ಯರಿಗೆ ಕಾಯಿಲೆ ತರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಜನರ ರಕ್ತದಲ್ಲಿ, ರೋಗಿಗಳಲ್ಲಿ ಪುರಾವೆ ಸಿಗಬೇಕು.

1964ರಲ್ಲಿ ವೆಲ್ಲೂರಿನಲ್ಲಿ ಮಿದುಳು ಜ್ವರದ ಸಮೀಕ್ಷೆ ನಡೆಯುವಾಗ ಒಂದು ಸುಂಡಿಲಿಯಲ್ಲಿ ತೊಟ್ಟಪಾಳಯಂ ವೈರಸ್ ಸಿಕ್ಕಿತು. (ಮುಂಬೈಯವರು ಚಿಚುಂದರಿ ಎನ್ನುವ ಈ ಪ್ರಾಣಿ ನಿಜವಾಗಿ ಇಲಿಯ ಜಾತಿಯಲ್ಲ.) ಅದು ಹಂಟಾ ವೈರಸ್‌ಗಳ ಗುಂಪಿನದೆಂದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅದರಿಂದ ಮನುಷ್ಯರಿಗೆ ಕಾಯಿಲೆ ಬರುತ್ತದೆಂದು ಇನ್ನೂ ಸಾಬೀತಾಗಿಲ್ಲ. ಶಿವಮೊಗ್ಗದ ಕ್ಯಾಸನೂರಿನ ಕತೆ ಇದಕ್ಕೆ ತದ್ವಿರುದ್ಧ. 1957ರಲ್ಲಿ ಅಲ್ಲಿ ಮಂಗಗಳು ಸತ್ತವು, ಜನ ಜ್ವರದಿಂದ ಮಲಗಿದರು, ಹುಡುಕಿದಾಗ ವೈರಸ್ ಸಿಕ್ಕಿತು. ಉಣುಗಿನ ಮೂಲಕ ಹರಡುವ ಅದು ಕಾಡಿನ ಇಲಿ, ಸುಂಡಿಲಿಗಳಲ್ಲೂ ಇರುವುದು ಆಮೇಲೆ ತಿಳಿಯಿತು.

ಬೈಕುಲ್ಲಾದಲ್ಲಿ ನೀವು ಹೆಚ್ಚು ಎಚ್ಚರ ವಹಿಸಬೇಕಾದ್ದು ಹಳೆಯದೇ ಆದ ಇಲಿಜ್ವರಕ್ಕೆ, ಅಂದರೆ ಲೆಪ್ಟೊಸ್ಪೈರೋಸಿಸ್‌ಗೆ. ಇಲಿಯ ಮೂತ್ರ ಬೆರೆತ ಮಳೆನೀರು ಕಾಲಿನ ಗಾಯಕ್ಕೆ ತಗುಲಿದರೆ ಸಾಕು. ಇದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. 1897ರಲ್ಲಿ ಹಾಫ್‌ಕಿನ್ ಅವರು ಬೈಕುಲ್ಲಾ ಜೈಲಿನ ಕೈದಿಗಳಿಗೆ ಲಸಿಕೆ ಹಾಕಿ ನೋಡಿದ ಪ್ಲೇಗ್ ಕೂಡ ಬ್ಯಾಕ್ಟೀರಿಯಾದ್ದೇ. ಈ ವ್ಯತ್ಯಾಸ ಮುಖ್ಯ: ಡಾಕ್ಸಿಸೈಕ್ಲಿನ್ ಇಲಿಜ್ವರಕ್ಕೆ ಕೆಲಸ ಮಾಡುತ್ತದೆ, ವೈರಸ್‌ಗೆ ಮಾಡುವುದಿಲ್ಲ. ಹಾಗೆಂದು ಚೀಟಿಯಿಲ್ಲದೆ ತೆಗೆದುಕೊಳ್ಳಬೇಡಿ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ವೈದ್ಯರು ಬೇರೆ ಔಷಧ ಕೊಡಬಹುದು.

ನಿಂತ ನೀರಿನಲ್ಲಿ ನಡೆದಿದ್ದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಿ. ಜ್ವರ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಬರುತ್ತದೆ. ಜ್ವರದ ಜೊತೆ ಮೀನಖಂಡದ ನೋವು, ಕೆಂಪು ಕಣ್ಣು ಇದ್ದರೆ, ನೀರಿನಲ್ಲಿ ನಡೆದದ್ದನ್ನು ನೀವಾಗಿಯೇ ಹೇಳಿ. ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಇಲಿ ಹಿಕ್ಕೆ ಕಂಡರೆ ಪೊರಕೆಯಿಂದ ಒಣಗುಡಿಸಬೇಡಿ. ಹಂಟಾ ವೈರಸ್ ಹರಡುವುದು ಮುಖ್ಯವಾಗಿ ಆ ಧೂಳನ್ನು ಉಸಿರಾಡುವುದರಿಂದಲೇ. ಕಿಟಕಿ ತೆರೆದಿಟ್ಟು, ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಅದರ ಮೇಲೆ ಹಾಕಿ. ಐದು ನಿಮಿಷ ನೆನೆಯಲು ಬಿಟ್ಟು ಕಾಗದದಿಂದ ಒರೆಸಿ ತೆಗೆಯಿರಿ. ಬ್ಲೀಚ್ ಜೊತೆ ಆಸಿಡ್ ಮಾತ್ರ ಬೆರೆಸಬೇಡಿ.