ಬೀಸುಕಲ್ಲಿನ ಮುಂದೆ ಅಭಿವ್ಯಕ್ತಿವಾದ

‘ಅಭಿವ್ಯಕ್ತಿವಾದ’ ಎಂಬ ಪದ ಕನ್ನಡದಲ್ಲಿ ತುಸು ದಾರಿ ತಪ್ಪಿಸುವಂಥದು. ಮನಸ್ಸಿನಲ್ಲಿದ್ದುದನ್ನು ಹೊರಗೆ ಹೇಳಿಕೊಂಡರೆ ಅಭಿವ್ಯಕ್ತಿ. ಹಾಗಾಗಿ ಹೇಳಿಕೊಂಡದ್ದೆಲ್ಲ ಅಭಿವ್ಯಕ್ತಿವಾದ ಎಂದು ಪರೀಕ್ಷೆಯಲ್ಲಿ ಬರೆಯುವವರಿದ್ದಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಾಡುಗಳನ್ನು ಓದುತ್ತಿರುವ ನನ್ನನ್ನೂ ಸಹಪಾಠಿಗಳು ಕೇಳುತ್ತಾರೆ: ಗರತಿಯ ಹಾಡೂ ಅಭಿವ್ಯಕ್ತಿವಾದವೇ ತಾನೆ? ಅಲ್ಲ ಎಂಬುದು ನನ್ನ ಉತ್ತರ.

1905ರಲ್ಲಿ ಡ್ರೆಸ್ಡೆನ್ನಿನ ನಾಲ್ವರು ವಾಸ್ತುಶಿಲ್ಪ ವಿದ್ಯಾರ್ಥಿಗಳು ‘ಸೇತುವೆ’ ಎಂಬ ಹೆಸರಿನ ಗುಂಪು ಕಟ್ಟಿದರು. ಕಂಡದ್ದನ್ನು ಕಂಡಂತೆ ಬಿಡಿಸುವುದು ಅವರಿಗೆ ಬೇಕಿರಲಿಲ್ಲ. ಒಳಗಿನ ಒತ್ತಡಕ್ಕೆ ಹೊರಜಗತ್ತೇ ಸೊಟ್ಟಗಾಗಬೇಕಿತ್ತು. ಅವರಿಗಿಂತ ಮೊದಲೇ, 1893ರಲ್ಲಿ, ನಾರ್ವೆಯ ಮುಂಕ್ ‘ಚೀತ್ಕಾರ’ದಲ್ಲಿ ಇದನ್ನು ಮಾಡಿದ್ದ. ಆ ಚಿತ್ರದಲ್ಲಿ ಎಲ್ಲರೂ ಬಾಯಿ ತೆರೆದ ಮುಖವನ್ನು ನೋಡುತ್ತಾರೆ. ನಾನು ಹಿಂದಿರುವ ಇಬ್ಬರನ್ನು ನೋಡುತ್ತೇನೆ. ಅವರಿಗೆ ಏನೂ ಕೇಳಿಸಿದಂತಿಲ್ಲ. ರಂಗಭೂಮಿಯಲ್ಲಿ ಗೇಯೋರ್ಗ್ ಕೈಸರ್ ತನ್ನ ಪಾತ್ರಗಳ ಹೆಸರನ್ನೇ ಕಿತ್ತುಹಾಕಿ ‘ಕ್ಯಾಷಿಯರ್’, ‘ಮಹಿಳೆ’ ಎಂದಷ್ಟೇ ಉಳಿಸಿದ. 1937ರಲ್ಲಿ ಮ್ಯೂನಿಕ್‌ನಲ್ಲಿ ನಾಜಿಗಳು ಇಂಥ ಚಿತ್ರಗಳನ್ನು ‘ಕೆಟ್ಟುಹೋದ ಕಲೆ’ ಎಂದು ಗೇಲಿ ಮಾಡಲೆಂದೇ ಪ್ರದರ್ಶನಕ್ಕಿಟ್ಟರು.

ಸಂಗೀತದ ಉದಾಹರಣೆ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಶ್ಯೋನ್‌ಬರ್ಗ್ 1909ರಲ್ಲಿ ಬರೆದ ‘ನಿರೀಕ್ಷೆ’ಯಲ್ಲಿ ಹಾಡುವುದು ಒಬ್ಬಳೇ ಹೆಂಗಸು. ರಾತ್ರಿ ಕಾಡಿನಲ್ಲಿ ಪ್ರಿಯಕರನನ್ನು ಹುಡುಕುತ್ತಾಳೆ, ಹೆಣ ಸಿಗುತ್ತದೆ. ಪಠ್ಯ ಬರೆದವಳು ವೈದ್ಯಕೀಯ ಓದುತ್ತಿದ್ದ ಮರೀ ಪಾಪೆನ್‌ಹೈಮ್. ಸುಮಾರು ಅರ್ಧ ಗಂಟೆಯ ಈ ಕೃತಿಯಲ್ಲಿ ಕಿವಿ ಆತುಕೊಳ್ಳಬಹುದಾದ ಪಲ್ಲವಿಯಂಥದು ಮರಳಿ ಬರುವುದೇ ಇಲ್ಲ.

ಇದರ ಪಕ್ಕ ಹಲಸಂಗಿಯ ಬೀಸುಕಲ್ಲನ್ನು ಇಟ್ಟು ನೋಡಿ. ಮಧುರಚೆನ್ನ ಮತ್ತು ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಇಲ್ಲೂ ಹೆಣ್ಣುದನಿ, ಇಲ್ಲೂ ಕತ್ತಲು, ದುಃಖಕ್ಕೂ ಕೊರತೆಯಿಲ್ಲ. ಆದರೆ ಕಲ್ಲು ಸುತ್ತಿದಂತೆ ಧಾಟಿ ಮರಳಿ ಬರುತ್ತದೆ, ತ್ರಿಪದಿ ಮುರಿಯುವುದಿಲ್ಲ. ತವರನ್ನೋ ತಾಯಿಯನ್ನೋ ಅಣ್ಣನನ್ನೋ ಕರೆದು ಹೇಳುವ ಮಾತದು. ಒಬ್ಬಳ ಸಂಕಟಕ್ಕೆ ಊರಿನ ಹೆಂಗಸರೆಲ್ಲ ಬಳಸಿದ ಹಳೆಯ ಪಾತ್ರೆ ಸಿಕ್ಕಿದೆ. ಶ್ಯೋನ್‌ಬರ್ಗನ ಹೆಂಗಸಿಗೆ ಆ ಪಾತ್ರೆ ಇಲ್ಲ; ಆ ಇಲ್ಲದಿರುವಿಕೆಯೇ ಅಭಿವ್ಯಕ್ತಿವಾದ. ಬಾಗೇವಾಡಿಯವರು ಬಸವಣ್ಣನ ವಚನಗಳನ್ನು ಮುಂದಿಟ್ಟರೂ ನಾನು ಇದನ್ನೇ ಹೇಳುತ್ತೇನೆ. ಅಲ್ಲಿ ಎಂಥ ತಳಮಳವಿದ್ದರೂ ಕೂಡಲಸಂಗಮದೇವ ಕೇಳುತ್ತಿರುತ್ತಾನೆ.

ನನ್ನ ಈ ಅಳತೆಗೋಲಿಗೆ ಸುಲಭವಾಗಿ ಸಿಗದವರೆಂದರೆ ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಶ್ರೀರಂಗರು. ಲಂಡನ್ನಿನಲ್ಲಿ ಓದಿ ಬಂದು, ಧಾರವಾಡದಲ್ಲಿ ಸಂಸ್ಕೃತ ಕಲಿಸಿ, ಭರತನ ನಾಟ್ಯಶಾಸ್ತ್ರವನ್ನೂ ಅನುವಾದಿಸಿದ ನಾಟಕಕಾರ. ಅವರ ‘ಕೇಳು ಜನಮೇಜಯ’ವನ್ನು ಯುರೋಪಿನ ಹೊಸ ನಾಟಕಗಳ ಸಾಲಿಗೆ ಸೇರಿಸಿಬಿಡುವ ಆಸೆ ಸಹಜ. ಆದರೆ ಶೀರ್ಷಿಕೆ ತಡೆಯುತ್ತದೆ. ಗಮಕದಲ್ಲಿ ಕುಮಾರವ್ಯಾಸನನ್ನು ಕೇಳಿದವರಿಗೆ ಆ ಕರೆ ಪರಿಚಿತ; ಭಾರತದ ಕತೆ ಕೇಳಿಸಿಕೊಂಡ ರಾಜ ಜನಮೇಜಯ. ಶ್ರೀರಂಗರು ಆ ಪೀಠದಲ್ಲಿ ಟಿಕೆಟ್ಟು ತೆಗೆದು ಬಂದ ಪ್ರೇಕ್ಷಕನನ್ನು ಕೂರಿಸಿದ್ದಾರೆ ಎಂದು ನಾನು ಓದುತ್ತೇನೆ. ನಾಟ್ಯಶಾಸ್ತ್ರದ 27ನೆಯ ಅಧ್ಯಾಯವಂತೂ ಒಳ್ಳೆಯ ಪ್ರೇಕ್ಷಕ ಹೇಗಿರಬೇಕೆಂದು ಲಕ್ಷಣಗಳನ್ನೇ ಹೇಳುತ್ತದೆ. ಮುಂಕ್‌ನ ಸೇತುವೆಯ ಮೇಲಿನ ಆ ಇಬ್ಬರು ಅದರಲ್ಲಿ ಪಾಸಾಗುವವರಲ್ಲ.