ರಾಯಚೂರು ಜಿಲ್ಲೆಯ ಕೈಗಾರಿಕಾ ತ್ಯಾಜ್ಯ

ರಾಯಚೂರು ಜಿಲ್ಲೆಯ ಕೈಗಾರಿಕಾ ತ್ಯಾಜ್ಯದ ಮುಖ್ಯ ಮೂಲಗಳೆಂದರೆ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಹಾಗೂ ರಾಯಚೂರು, ಮಾನ್ವಿ ಮೊದಲಾದ ಕಡೆಗಳ ಅಕ್ಕಿ ಗಿರಣಿಗಳು.

ವರ್ಗೀಕರಣ

ವಿಷಕಾರಕ, ದಹನಶೀಲ, ಸ್ಫೋಟಕ ಅಥವಾ ಕೊರೆಯುವ ಗುಣವುಳ್ಳ ತ್ಯಾಜ್ಯವನ್ನು ಅಪಾಯಕಾರಿ ಎಂದು ಪರಿಗಣಿಸಲಾಗುತ್ತದೆ. ಇದರ ನಿರ್ವಹಣೆಗೆ ಕೇಂದ್ರ ಸರ್ಕಾರದ 2016ರ ನಿಯಮಗಳು ಅನ್ವಯಿಸುತ್ತವೆ. ಯಂತ್ರಗಳಿಂದ ತೆಗೆದ ಬಳಸಿದ ಎಣ್ಣೆ ಈ ಪಟ್ಟಿಯಲ್ಲಿದೆ. ಅದನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಕಾರ್ಖಾನೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹಾರುಬೂದಿ ಮತ್ತು ಗಣಿಯ ಅದಿರುಶೇಷಗಳನ್ನು ಮಾತ್ರ 'ಹೆಚ್ಚು ಪ್ರಮಾಣದ, ಕಡಿಮೆ ಪರಿಣಾಮದ' ತ್ಯಾಜ್ಯವೆಂದು ಈ ವರ್ಗದಿಂದ ಹೊರಗಿಡಲಾಗಿದೆ. ಹೀಗಾಗಿ ಜಿಲ್ಲೆಯ ಎರಡು ಅತಿದೊಡ್ಡ ತ್ಯಾಜ್ಯರಾಶಿಗಳು ಕಾನೂನಿನ ದೃಷ್ಟಿಯಲ್ಲಿ ಅಪಾಯಕಾರಿಯಲ್ಲ. ಹೊರಗಿಟ್ಟ ಮಾತ್ರಕ್ಕೆ ಅವು ನಿರುಪದ್ರವಿ ಎಂದು ಭಾವಿಸುವುದು ತಪ್ಪಾದೀತು.

ಹಾರುಬೂದಿ

ಕೃಷ್ಣಾ ನದಿಯ ದಡದಲ್ಲಿರುವ ಶಕ್ತಿನಗರ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ನೂರು ಟನ್ ಉರಿಸಿದರೆ ಸುಮಾರು 30ರಿಂದ 40 ಟನ್ ಬೂದಿ ಉಳಿಯುತ್ತದೆ. ಚಿಮಣಿಗೆ ಹೋಗುವ ಹೊಗೆಯಲ್ಲಿನ ನುಣುಪಾದ ಬೂದಿಯನ್ನು ವಿದ್ಯುತ್ ಕ್ಷೇತ್ರದ ನೆರವಿನಿಂದ ಹಿಡಿದಿಡಲಾಗುತ್ತದೆ. ಒಣದಾಗಿ ಸಂಗ್ರಹಿಸಿದ ಬೂದಿ ಸಿಮೆಂಟ್, ಇಟ್ಟಿಗೆ ಮತ್ತು ರಸ್ತೆ ನಿರ್ಮಾಣಕ್ಕೆ ಉಪಯುಕ್ತವಾಗಿದೆ. ನೀರಿನಲ್ಲಿ ಕಲಸಿ ಬೂದಿ ಹೊಂಡಕ್ಕೆ ಹರಿಸಿದ ಬೂದಿಯ ಬೆಲೆ ಕುಗ್ಗುತ್ತದೆ. ಅದರಲ್ಲಿ ಆರ್ಸೆನಿಕ್, ಕ್ರೋಮಿಯಂ, ಪಾದರಸಗಳು ಅತ್ಯಲ್ಪ ಪ್ರಮಾಣದಲ್ಲಿರುವುದರಿಂದ ಹೊಂಡದ ತಳ ಭದ್ರವಾಗಿರದಿದ್ದರೆ ಅಂತರ್ಜಲಕ್ಕೆ ಸೇರಬಹುದು. ಬೇಸಿಗೆಯಲ್ಲಿ ಒಣಗಿದ ಹೊಂಡದಿಂದ ಗಾಳಿಗೆ ಎದ್ದ ಧೂಳು ಸುತ್ತಲಿನ ಹೊಲ, ಮನೆಗಳ ಮೇಲೆ ಕೂರುತ್ತದೆ. 2021ರ ಡಿಸೆಂಬರ್ 31ರ ಕೇಂದ್ರ ಅಧಿಸೂಚನೆಯು ಬೂದಿಯ ಪೂರ್ಣ ಬಳಕೆಯನ್ನು ಕಡ್ಡಾಯಗೊಳಿಸಿ, ತಪ್ಪಿದವರಿಗೆ ಪರಿಸರ ಪರಿಹಾರ ಶುಲ್ಕ ವಿಧಿಸಿದೆ.

ಚಿನ್ನದ ಗಣಿ

ಹಟ್ಟಿ ಚಿನ್ನದ ಗಣಿ ಕಂಪನಿ 1947ರಲ್ಲಿ ಸ್ಥಾಪನೆಯಾಯಿತು. ಒಂದು ಟನ್ ಅದಿರಿನಲ್ಲಿ ಚಿನ್ನ ಸಿಗುವುದು ಕೆಲವೇ ಗ್ರಾಂ. ಉಳಿದುದೆಲ್ಲ ಪುಡಿಯಾಗಿ ಹೊರಬೀಳುತ್ತದೆ. ಚಿನ್ನವನ್ನು ಕರಗಿಸಲು ಬಳಸುವ ಸಯನೈಡ್‌ನ ಶೇಷಾಂಶ ಈ ಪುಡಿಯಲ್ಲಿ ಉಳಿಯಬಹುದಾದ ಕಾರಣ, ಅದನ್ನು ಕಟ್ಟೆಯೊಳಗೆ ತಡೆದು, ನೀರನ್ನು ಮರುಬಳಸುವುದು ಅಗತ್ಯ.

ಭತ್ತದ ಹೊಟ್ಟು

ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಹೊಟ್ಟು. ಗಿರಣಿಗಳು ಇದನ್ನೇ ಬಾಯ್ಲರ್‌ಗೆ ಉರುವಲಾಗಿ ಬಳಸುತ್ತವೆ. ಉಳಿಯುವ ಬೂದಿಯಲ್ಲಿ ಸಿಲಿಕಾ ಹೇರಳವಾಗಿದ್ದು, ಇಟ್ಟಿಗೆ ಹಾಗೂ ಕಾಂಕ್ರೀಟ್ ತಯಾರಿಕೆಗೆ ಒದಗುತ್ತದೆ. ರಸ್ತೆ ಬದಿಯಲ್ಲಿ ಸುರಿದರೆ ಅದೇ ಬೂದಿ ದಾರಿಹೋಕರ ಕಣ್ಣು, ಶ್ವಾಸಕೋಶಗಳಿಗೆ ಹಾನಿಕರ.

ತಗ್ಗಿಸುವ ಕ್ರಮ

2016ರ ನಿಯಮಗಳು ಮೊದಲು ತಡೆ, ಬಳಿಕ ಕಡಿತ, ಮರುಬಳಕೆ, ಪುನಶ್ಚಕ್ರೀಕರಣ, ಸಹಸಂಸ್ಕರಣೆ ಮತ್ತು ಕೊನೆಗೆ ಸುರಕ್ಷಿತ ವಿಲೇವಾರಿ ಎಂಬ ಅನುಕ್ರಮವನ್ನು ಹೇಳುತ್ತವೆ. ತೊಳೆದ ಕಲ್ಲಿದ್ದಲಿನ ಬಳಕೆಯಿಂದ ಕೇಂದ್ರದಲ್ಲಿ ಉಳಿಯುವ ಬೂದಿ ಕಡಿಮೆಯಾಗುತ್ತದೆ, ಆದರೆ ತೊಳೆಯುವ ಸ್ಥಳದಲ್ಲಿ ಹೊಸ ತ್ಯಾಜ್ಯ ಹುಟ್ಟುತ್ತದೆ.